ವಿಧೇಯವ್ರತಿ ಫಾದರ್ ಡೇಮಿಯನ್ನರು

ಸತ್ಪುರುಷರ ಚರಿತ್ರೆಯನ್ನು ಓದುವುದೂ ಕೇಳುವುದೂ ಸತ್ಸಂಗದ ಒಂದು ಭಾಗವೆಂದು ನಮ್ಮ ಹಿರಿಯರು ತಿಳಿದಿದ್ದರು. ಅಂಥವರು ಯಾವ ದೇಶದಲ್ಲಿ ಹುಟ್ಟಿದರು, ಯಾವ ಭಾಷೆಯಲ್ಲಿ ದೇವರನ್ನು ಕರೆದರು ಎಂಬುದನ್ನು ವಿಚಾರಿಸುವುದಕ್ಕಿಂತ, ನುಡಿದಂತೆ ನಡೆದರೋ ಇಲ್ಲವೋ ಎಂಬುದನ್ನು ವಿಚಾರಿಸುವುದೇ ಭಕ್ತರಿಗೆ ಒಪ್ಪುವ ಮಾತು. ಕ್ರೈಸ್ತ ಧರ್ಮದಲ್ಲಿ ಹುಟ್ಟಿ, ಆ ಧರ್ಮದ ಸನ್ಯಾಸದೀಕ್ಷೆಯನ್ನು ಪಡೆದು, ಗುರುವಿನ ಆಜ್ಞೆಯನ್ನು ತಲೆಯ ಮೇಲೆ ಹೊತ್ತು, ಲೋಕವೇ ಕೈಬಿಟ್ಟ ರೋಗಿಗಳ ನಡುವೆ ಹದಿನಾರು ವರ್ಷಗಳನ್ನು ಕಳೆದು, ಅವರ ರೋಗದಿಂದಲೇ ದೇಹವನ್ನು ಬಿಟ್ಟ ಫಾದರ್ ಡೇಮಿಯನ್ನರ ಜೀವನವು ಇಂಥ ವಿಚಾರಕ್ಕೆ ಯೋಗ್ಯವಾದುದು. ಆಜ್ಞೆಯನ್ನು ಪಾಲಿಸುವುದೆಂದರೇನು, ಅದು ಎಷ್ಟು ಕಠಿಣವಾದ ವ್ರತ ಎಂಬುದನ್ನು ಈ ಚರಿತ್ರೆಯು ತಿಳಿಸುತ್ತದೆ.

ಯೂರೋಪು ಖಂಡದ ಬೆಲ್ಜಿಯಂ ದೇಶದಲ್ಲಿ ಲೂವೇನ್ ನಗರಕ್ಕೆ ಸಮೀಪವಾಗಿ ಟ್ರೆಮೆಲೊ ಎಂಬ ಚಿಕ್ಕ ಹಳ್ಳಿಯಿದೆ. ಅಲ್ಲಿ ೧೮೪೦ನೆಯ ಇಸವಿ ಜನವರಿ ೩ರಂದು ಡ ವ್ಯೂಸ್ಟರ್ ಎಂಬ ಮನೆತನದಲ್ಲಿ ಏಳನೆಯ ಮಗುವಾಗಿ ಜೋಸೆಫನು ಜನಿಸಿದನು. ತಂದೆ ಫ್ರಾನ್ಸ್ ಒಕ್ಕಲುತನವನ್ನೂ ಧಾನ್ಯದ ವ್ಯಾಪಾರವನ್ನೂ ಮಾಡುತ್ತಿದ್ದ ಗೃಹಸ್ಥನು. ತಾಯಿ ಆನ್ ಕ್ಯಾಥರೀನಳು ದೈವಭಕ್ತಿಯುಳ್ಳವಳು. ಹೆಣ್ಣುಮಕ್ಕಳಲ್ಲಿ ಇಬ್ಬರು ಸನ್ಯಾಸಿನಿಯರಾದರು. ಅಣ್ಣ ಆಗಸ್ಟನು ಪಾಂಫಿಲ್ ಎಂಬ ನಾಮವನ್ನು ಧರಿಸಿ ಯೇಸು ಮತ್ತು ಮರಿಯಮ್ಮನವರ ಪವಿತ್ರ ಹೃದಯಗಳ ಸಂಘವೆಂಬ ಸನ್ಯಾಸಿಸಂಘವನ್ನು ಸೇರಿದನು. ಜೋಸೆಫನು ಬಲವಾದ ಮೈಕಟ್ಟಿನ ಹುಡುಗನು. ಹೊಲದ ಕೆಲಸವನ್ನೂ ಬಡಗಿಯ ಕೆಲಸವನ್ನೂ ಸಹಜವಾಗಿ ಕಲಿತನು. ತನ್ನ ವ್ಯಾಪಾರವನ್ನು ಇವನು ನಡೆಯಿಸಲೆಂದು ತಂದೆಯು ಬಯಸಿ, ಫ್ರೆಂಚ್ ಭಾಷೆಯನ್ನು ಕಲಿಯಲು ಬೇರೊಂದು ಊರಿಗೆ ಕಳುಹಿಸಿದನು. ಆದರೆ ಹುಡುಗನ ಮನಸ್ಸು ಅಂಗಡಿಯ ಲೆಕ್ಕದಲ್ಲಿ ನಿಲ್ಲಲಿಲ್ಲ. ತಂದೆತಾಯಿಗಳ ಒಪ್ಪಿಗೆಯನ್ನು ಬೇಡಿ ಪಡೆದು, ೧೮೫೯ರಲ್ಲಿ ಅಣ್ಣನಿದ್ದ ಸಂಘವನ್ನೇ ಸೇರಿದನು. ಪೂರ್ವಕಾಲದಲ್ಲಿ ಹಣವನ್ನು ಮುಟ್ಟದೆ ರೋಗಿಗಳಿಗೆ ಚಿಕಿತ್ಸೆ ಮಾಡುತ್ತಿದ್ದನೆಂದು ಹೇಳಲಾಗುವ ವೈದ್ಯಸಂತನೊಬ್ಬನ ಹೆಸರಾದ ಡೇಮಿಯನ್ ಎಂಬ ನಾಮವು ಅವನಿಗೆ ಬಂದಿತು.

ಲ್ಯಾಟಿನ್ ವಿದ್ಯೆಯಿಲ್ಲದ ಕಾರಣ ಇವನು ಪುರೋಹಿತಪದವಿಗೆ ತಕ್ಕವನಲ್ಲವೆಂದು ಹಿರಿಯರು ಮೊದಲು ಎಣಿಸಿ, ಮಠದ ಕೆಲಸಗಳನ್ನು ಮಾಡುವ ಸಹೋದರರ ವರ್ಗದಲ್ಲಿ ಇಟ್ಟರು. ಡೇಮಿಯನ್ನನು ಅದಕ್ಕಾಗಿ ಕೊರಗಲಿಲ್ಲ. ವಹಿಸಿದ ಕೆಲಸವನ್ನು ಮಾಡುತ್ತಲೇ ಬಿಡುವಿನಲ್ಲಿ ಅಣ್ಣನಿಂದ ಒಂದೊಂದಾಗಿ ಲ್ಯಾಟಿನ್ ಪದಗಳನ್ನು ಕಲಿಯುತ್ತ ಬಂದನು. ಇವನ ಶ್ರದ್ಧೆಯನ್ನು ಕಂಡ ಹಿರಿಯರು ತಮ್ಮ ನಿರ್ಧಾರವನ್ನು ಬದಲಾಯಿಸಿದರು. ೧೮೬೦ನೆಯ ಇಸವಿ ಅಕ್ಟೋಬರ್ ೭ರಂದು ಪ್ಯಾರಿಸ್ ನಗರದಲ್ಲಿ ಅವನು ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳನ್ನು ಸ್ವೀಕರಿಸಿದನು. ಆ ಸಂಘದ ಪದ್ಧತಿಯಂತೆ, ವ್ರತವನ್ನು ಹಿಡಿಯುವವನು ನೆಲದ ಮೇಲೆ ಮಲಗಬೇಕು. ಶವದ ಮೇಲೆ ಹೊದಿಸುವ ಬಟ್ಟೆಯನ್ನು ಅವನ ಮೇಲೆ ಹೊದಿಸಬೇಕು. ಲೋಕಕ್ಕೆ ಸತ್ತು ದೇವರಿಗಾಗಿ ಬದುಕುವನೆಂಬುದೇ ಅದರ ಅರ್ಥ. ಇಂಥ ವಿಧಿಗೆ ಒಳಗಾದವರು ಅನೇಕರಿದ್ದರು. ಆದರೆ ಅದರ ಅರ್ಥವನ್ನು ಇಪ್ಪತ್ತು ವರ್ಷದ ವಯಸ್ಸಿನಿಂದ ಮರಣದ ದಿನದವರೆಗೆ ದಿನದಿನವೂ ತೀರಿಸಿದವರು ವಿರಳ.

೧೮೬೩ರಲ್ಲಿ ಶಾಂತಸಾಗರದ ಮಧ್ಯದಲ್ಲಿರುವ ಹವಾಯಿ ದ್ವೀಪಗಳಿಗೆ ಧರ್ಮಪ್ರಚಾರಕ್ಕಾಗಿ ಹೊರಡುವಂತೆ ಅಣ್ಣ ಪಾಂಫಿಲನಿಗೆ ಅಪ್ಪಣೆಯಾಗಿತ್ತು. ಪ್ರಯಾಣದ ಸಿದ್ಧತೆಯೆಲ್ಲ ಮುಗಿದಿರಲು ಅವನು ವಿಷಮಜ್ವರದಿಂದ ಹಾಸಿಗೆ ಹಿಡಿದನು. ಅವನ ಬದಲು ತಾನು ಹೋಗಲು ಸಿದ್ಧನೆಂದು ಡೇಮಿಯನ್ನನು ಪ್ಯಾರಿಸಿನಲ್ಲಿದ್ದ ಸಂಘದ ಪರಮಾಧ್ಯಕ್ಷರಿಗೆ ನೇರವಾಗಿ ಪತ್ರ ಬರೆದನು. ಇನ್ನೂ ವ್ಯಾಸಂಗವನ್ನು ಮುಗಿಸದ ಶಿಷ್ಯನು ಸ್ಥಳದ ಹಿರಿಯರನ್ನು ದಾಟಿ ಹೀಗೆ ಬರೆದುದು ಕ್ರಮಕ್ಕೆ ಹೊರಗಾದುದೇ. ಅವನ ಸ್ವಭಾವದಲ್ಲಿದ್ದ ಆತುರವು ಇಲ್ಲಿಯೇ ಕಾಣುತ್ತದೆ. ಆದರೂ ಅಧ್ಯಕ್ಷರು ಅನುಮತಿಯನ್ನಿತ್ತರು. ಮಗನು ತಾಯಿಯನ್ನು ಒಂದು ಪುಣ್ಯಕ್ಷೇತ್ರದಲ್ಲಿ ಕಂಡು ಬೀಳ್ಕೊಂಡನು. ಮತ್ತೆ ಅವರು ಒಬ್ಬರನ್ನೊಬ್ಬರು ನೋಡಲಿಲ್ಲ. ಜರ್ಮನಿಯ ಬ್ರೆಮರ್‌ಹಾಫನ್ ರೇವಿನಿಂದ ಹೊರಟ ಹಡಗು ಸುಮಾರು ನಾಲ್ಕೂವರೆ ತಿಂಗಳು ಸಮುದ್ರವನ್ನು ಸುತ್ತಿ, ೧೮೬೪ನೆಯ ಇಸವಿ ಮಾರ್ಚ್ ೧೯ರಂದು ಹೊನೊಲುಲು ನಗರವನ್ನು ಮುಟ್ಟಿತು. ಅದೇ ವರ್ಷದ ಮೇ ೨೧ರಂದು ಡೇಮಿಯನ್ನರು ಅಲ್ಲಿನ ಪ್ರಧಾನ ದೇವಾಲಯದಲ್ಲಿ ಗುರುಪಟ್ಟವನ್ನು ಪಡೆದರು.

ಮೊದಲಿನ ಒಂಬತ್ತು ವರ್ಷಗಳು ಹವಾಯಿಯ ದೊಡ್ಡ ದ್ವೀಪದಲ್ಲಿ ಕಳೆದವು. ಪ್ರಾರಂಭದಲ್ಲಿ ಪೂನಾ ಎಂಬ ಸೀಮೆಯು ಅವರ ಪಾಲಿಗೆ ಬಂದಿತ್ತು. ಕೊಹಾಲ ಮತ್ತು ಹಾಮಾಕುವಾ ಸೀಮೆಗಳು ಬಹು ವಿಸ್ತಾರವಾದುವು. ಅಲ್ಲಿದ್ದ ಪಾದ್ರಿಗಳು ದೇಹದಲ್ಲಿ ದುರ್ಬಲರು. ತಾವು ಬಲಿಷ್ಠರಾಗಿರುವುದರಿಂದ ಕಷ್ಟದ ಸೀಮೆಯು ತಮಗಿರಲೆಂದು ಡೇಮಿಯನ್ನರು ಹಿರಿಯರ ಒಪ್ಪಿಗೆಯಿಂದ ಅದನ್ನು ಬದಲಾಯಿಸಿಕೊಂಡರು. ಕಣಿವೆಗಳನ್ನು ಹತ್ತಿ ಇಳಿದು, ಕುದುರೆಯ ಮೇಲೂ ಕಾಲ್ನಡೆಯಿಂದಲೂ ಸಂಚರಿಸಿ, ಅಲ್ಲಿಯ ಜನರ ಭಾಷೆಯನ್ನು ಕಲಿತು, ತಮ್ಮ ಕೈಯಿಂದಲೇ ಮರವನ್ನು ಕೊಯ್ದು ಪ್ರಾರ್ಥನಾಮಂದಿರಗಳನ್ನು ಕಟ್ಟಿದರು. ಬಾಲ್ಯದಲ್ಲಿ ಕಲಿತ ಬಡಗಿತನವು ಅವರ ಕಾಯಕದೊಡನೆ ಬೆರೆತುಹೋಯಿತು.

ಆ ಕಾಲದಲ್ಲಿ ಹವಾಯಿಯ ಪ್ರಜೆಗಳನ್ನು ಹೊರದೇಶಗಳಿಂದ ಬಂದ ನಾನಾ ರೋಗಗಳು ನಾಶಗೊಳಿಸುತ್ತಿದ್ದವು. ಅವುಗಳಲ್ಲಿ ಕುಷ್ಠರೋಗವು ಭಯಂಕರವಾದುದು. ಅದಕ್ಕೆ ಆಗ ಮದ್ದಿರಲಿಲ್ಲ. ೧೮೬೫ರಲ್ಲಿ ಅರಸನಾದ ಐದನೆಯ ಕಮೇಹಮೇಹನು ರೋಗಿಗಳನ್ನು ಜನರಿಂದ ಬೇರ್ಪಡಿಸುವ ಶಾಸನಕ್ಕೆ ಸಹಿ ಹಾಕಿದನು. ಮೊಲೊಕಾಯಿ ಎಂಬ ದ್ವೀಪದ ಉತ್ತರಕ್ಕೆ ಸಮುದ್ರದೊಳಗೆ ಚಾಚಿಕೊಂಡಿರುವ ಒಂದು ಭೂಭಾಗವನ್ನು ಇದಕ್ಕಾಗಿ ಆರಿಸಿದರು. ಮೂರು ಕಡೆಗೆ ಸಮುದ್ರ. ನಾಲ್ಕನೆಯ ಕಡೆಗೆ ಸುಮಾರು ೨೦೦೦ ಅಡಿ ಎತ್ತರದ ಕಡಿದಾದ ಬೆಟ್ಟ. ೧೮೬೬ನೆಯ ಇಸವಿ ಜನವರಿ ೬ರಂದು ಮೊದಲಿನ ರೋಗಿಗಳನ್ನು ಅಲ್ಲಿಯ ಕಲವಾವೊ ಎಂಬ ಸ್ಥಳದಲ್ಲಿ ಇಳಿಸಿದರು. ಗಂಡನಿಂದ ಹೆಂಡತಿಯನ್ನೂ ತಾಯಿಯಿಂದ ಮಗುವನ್ನೂ ಅಗಲಿಸಿ ಹಡಗಿಗೆ ಹತ್ತಿಸುತ್ತಿದ್ದರು. ಅಲ್ಲಿಗೆ ಹೋದವರು ಹಿಂದಿರುಗುತ್ತಿರಲಿಲ್ಲ. ಆ ಶಾಸನವು ನಡೆದಷ್ಟು ಕಾಲದಲ್ಲಿ ಸುಮಾರು ೮೦೦೦ ಜನರು ಹೀಗೆ ಗಡೀಪಾರಾದರು.

ಅಲ್ಲಿ ದಯೆಯು ಸಂಪೂರ್ಣವಾಗಿ ಸತ್ತಿತ್ತೆಂದು ಹೇಳಲಾಗದು. ರೋಗವಿಲ್ಲದಿದ್ದರೂ ತಮ್ಮವರ ಸೇವೆಗಾಗಿ ಅವರೊಡನೆ ಹೋದ ಬಂಧುಗಳು ಇದ್ದರು. ಪ್ರಾಟೆಸ್ಟೆಂಟ್ ಪಂಥದ ರೋಗಿಗಳು ತಾವೇ ಕೂಡಿ ಒಂದು ಸಭೆಯನ್ನು ಸ್ಥಾಪಿಸಿಕೊಂಡಿದ್ದರು. ಆದರೆ ಬಲವಿಲ್ಲದವರ ಪಾಡು ಶೋಚನೀಯವಾಗಿತ್ತು. ಹುಲ್ಲಿನ ಗುಡಿಸಲು, ಸಾಲದ ಅನ್ನ, ದೂರದಿಂದ ಹೊತ್ತು ತರಬೇಕಾದ ನೀರು, ವೈದ್ಯರು ವಾಸಿಸುತ್ತಿರಲಿಲ್ಲ. ಬದುಕುವ ಆಸೆಯನ್ನು ಕಳೆದುಕೊಂಡ ಕೆಲವರು ಕುಡಿತದಲ್ಲಿ ಮುಳುಗಿದ್ದರು. ಸತ್ತವರನ್ನು ಪೆಟ್ಟಿಗೆಯೂ ಇಲ್ಲದೆ ಆಳವಿಲ್ಲದ ಗುಂಡಿಯಲ್ಲಿ ಮುಚ್ಚುತ್ತಿದ್ದರು.

೧೮೭೩ನೆಯ ಇಸವಿ ಮೇ ತಿಂಗಳ ಮೊದಲಲ್ಲಿ ಮಾವಿ ದ್ವೀಪದಲ್ಲಿ ಒಂದು ನೂತನ ದೇವಾಲಯದ ಪ್ರತಿಷ್ಠೆಗಾಗಿ ಪಾದ್ರಿಗಳು ಸೇರಿದ್ದರು. ಬಿಷಪ್ ಮೇಗ್ರೆಯವರು ಮೊಲೊಕಾಯಿಯ ರೋಗಿಗಳಿಗೆ ಗುರುಗಳಿಲ್ಲದಿರುವ ದುಃಖವನ್ನು ಅವರಿಗೆ ತಿಳಿಸಿದರು; ಆದರೆ ಇದು ಮರಣಕ್ಕೆ ಕಳುಹಿಸಿದಂತಾದೀತೆಂದು ಯಾರಿಗೂ ಆಜ್ಞಾಪಿಸಲಿಲ್ಲ. ನಾಲ್ವರು ತರುಣ ಪಾದ್ರಿಗಳು ತಾವಾಗಿಯೇ ಮುಂದೆ ಬಂದರು. ಸರದಿಯಂತೆ ಒಬ್ಬೊಬ್ಬರು ಕೆಲವು ಕಾಲ ಅಲ್ಲಿರಬೇಕೆಂದು ನಿಶ್ಚಯವಾಯಿತು. ಮೊದಲನೆಯ ಸರದಿಯು ಡೇಮಿಯನ್ನರದು. ಮೇ ೧೦ರಂದು ಬಿಷಪ್ಪರೊಡನೆ ಅವರು ಕಲವಾವೊವನ್ನು ಮುಟ್ಟಿದರು. ಆಗ ಅವರ ವಯಸ್ಸು ಮೂವತ್ತಮೂರು. ಕೆಲವೇ ದಿನಗಳಲ್ಲಿ, ತಮ್ಮನ್ನು ಇಲ್ಲಿಯೇ ಕಾಯಮಾಗಿ ನಿಲ್ಲಿಸಬೇಕೆಂದು ಹಿರಿಯರಿಗೆ ಬರೆದುಕೊಂಡರು. ಸರದಿಯು ಎರಡನೆಯವರಿಗೆ ಬರಲೇ ಇಲ್ಲ. ವಿಚಿತ್ರವೇನೆಂದರೆ, ಅದೇ ವರ್ಷದಲ್ಲಿಯೇ ನಾರ್ವೆ ದೇಶದ ವೈದ್ಯನಾದ ಹ್ಯಾನ್‌ಸನ್ನನು ಕುಷ್ಠರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಕಂಡುಹಿಡಿದನು. ಆದರೆ ಆ ಜ್ಞಾನವು ಮದ್ದಾಗಿ ಫಲಿಸಲು ಇನ್ನೂ ಏಳು ದಶಕಗಳು ಬೇಕಾಗಿದ್ದವು.

ಮೊದಲಿನ ರಾತ್ರಿಗಳಲ್ಲಿ ಅವರು ಕೇದಗೆಯ ಜಾತಿಯ ಒಂದು ಮರದ ಕೆಳಗೆ ಮಲಗಿದರು. ಅಲ್ಲಿ ಸಂತ ಫಿಲೋಮಿನಳ ಹೆಸರಿನ ಚಿಕ್ಕ ಗುಡಿಯು ಹಿಂದಿನ ವರ್ಷವಷ್ಟೇ ಕಟ್ಟಲ್ಪಟ್ಟಿತ್ತು. ರೋಗಿಗಳ ಗುಡಿಸಲುಗಳಿಗೆ ಹೋಗುವಾಗ ಹುಣ್ಣುಗಳ ದುರ್ಗಂಧವನ್ನು ತಾಳಲಾರದೆ ಎಷ್ಟೋ ಸಲ ಹೊರಗೋಡಿ ಬಂದುದುಂಟು. ಆ ವಾಸನೆಯನ್ನು ತಡೆಯಲೆಂದೇ ಹೊಗೆಬತ್ತಿಯ ಕೊಳವೆಯನ್ನು ಸೇದುವ ಅಭ್ಯಾಸವನ್ನು ಮಾಡಿಕೊಂಡರು. ಸಂತರಿಗೆ ಅಸಹ್ಯವೆಂಬುದೇ ತೋರುವುದಿಲ್ಲವೆಂದು ನಾವು ಎಣಿಸುತ್ತೇವೆ. ಅವರಿಗೂ ಅದು ತೋರಿತು. ಹೊರಗೋಡಿದವರು ಮತ್ತೆ ಒಳಗೆ ಹೋದರು ಎಂಬುದಷ್ಟೇ ವಿಶೇಷ.

ಮುಂದಿನ ವರ್ಷಗಳಲ್ಲಿ ಅವರು ಮಾಡಿದ ಕೆಲಸವನ್ನು ಎಣಿಸುವುದು ಕಷ್ಟ. ಸರಕಾರದಿಂದ ಕೊಳವೆಗಳನ್ನು ಬೇಡಿ ತರಿಸಿ, ರೋಗಿಗಳ ಸಹಾಯದಿಂದ ಕಣಿವೆಯ ನೀರನ್ನು ಊರಿಗೆ ತಂದರು. ಮರವನ್ನು ತರಿಸಿ ಹುಲ್ಲಿನ ಗುಡಿಸಲುಗಳ ಬದಲು ಹಲಗೆಯ ಮನೆಗಳನ್ನು ಎಬ್ಬಿಸಿದರು. ಹುಣ್ಣುಗಳನ್ನು ತೊಳೆದು ಕಟ್ಟಿದರು. ಅನಾಥರಾದ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆ ಬೇರೆ ಆಶ್ರಯಗಳನ್ನು ಕಲ್ಪಿಸಿದರು. ಸತ್ತವರಿಗೆ ತಮ್ಮ ಕೈಯಿಂದ ಪೆಟ್ಟಿಗೆಯನ್ನು ಮಾಡಿ, ತಾವೇ ಗುಂಡಿಯನ್ನು ತೋಡಿ, ಬೇಲಿ ಹಾಕಿದ ರುದ್ರಭೂಮಿಯಲ್ಲಿ ವಿಧಿಪೂರ್ವಕವಾಗಿ ಸಂಸ್ಕಾರ ಮಾಡಿದರು. ರೋಗಿಗಳಿಂದಲೇ ವಾದ್ಯಮೇಳವನ್ನೂ ಗಾಯಕರ ಗುಂಪನ್ನೂ ಕೂಡಿಸಿದರು. ಸಾಯುವುದಕ್ಕೆಂದು ತಂದು ಹಾಕಿದ ಸ್ಥಳವು ಮೆಲ್ಲಮೆಲ್ಲನೆ ಬಾಳುವ ಊರಾಯಿತು.

ಅಲ್ಲಿಗೆ ಹೋಗುವಾಗ, ರೋಗಿಗಳನ್ನು ಮುಟ್ಟದೆ ಎಚ್ಚರಿಕೆಯಿಂದಿರಬೇಕೆಂದು ಅವರಿಗೆ ಬುದ್ಧಿ ಹೇಳಲಾಗಿತ್ತು. ಈ ಮಾತನ್ನು ಅವರು ನಡೆಯಿಸಲಿಲ್ಲ. ಆಜ್ಞಾಪಾಲನೆಯ ವ್ರತವುಳ್ಳವರು ಹೀಗೇಕೆ ಮಾಡಿದರೆಂದು ಕೇಳಬಹುದು. ಅವರ ಧರ್ಮದಲ್ಲಿ ಮರಣೋನ್ಮುಖನಾದವನ ಅಂಗಗಳಿಗೆ ಗುರುವು ತನ್ನ ಬೆರಳಿನಿಂದ ಪವಿತ್ರ ತೈಲವನ್ನು ಹಚ್ಚಬೇಕು. ಪ್ರಸಾದವನ್ನು ಆಗ ಅವನ ನಾಲಗೆಯ ಮೇಲೆ ಇಡಬೇಕಾಗಿತ್ತು. ಮುಟ್ಟದೆ ಗುರುತ್ವವನ್ನು ನಡೆಯಿಸುವುದು ಆಗದ ಮಾತು. ಮೇಲಾಗಿ ಆ ದ್ವೀಪದ ಜನರಲ್ಲಿ ಒಂದೇ ಪಾತ್ರೆಯಿಂದ ಉಣ್ಣುವುದು ಸ್ನೇಹದ ಗುರುತು. ದೂರದಲ್ಲಿ ನಿಂತು ಪ್ರೀತಿಯನ್ನು ಬೋಧಿಸುವವನನ್ನು ಅವರು ನಂಬುತ್ತಿರಲಿಲ್ಲ. ಆದುದರಿಂದ ಡೇಮಿಯನ್ನರು ಅವರೊಡನೆ ಉಂಡರು. ತಮ್ಮ ಹೊಗೆಬತ್ತಿಯ ಕೊಳವೆಯನ್ನು ಕೂಡ ಅವರಿಗೆ ಸೇದಲು ಕೊಟ್ಟರು. ದೇಹರಕ್ಷಣೆಗಾಗಿ ಹೇಳಿದ ಎಚ್ಚರಿಕೆಯ ಮಾತಿಗಿಂತ ಪಟ್ಟವು ಹೊರಿಸಿದ ಕರ್ತವ್ಯವೇ ದೊಡ್ಡ ಆಜ್ಞೆಯೆಂದು ಅವರ ನಡೆಯು ಹೇಳಿತು. ಅದರ ಬೆಲೆಯನ್ನು ಅವರು ಬೇರೆಯವರಿಂದ ತೆರಿಸಲಿಲ್ಲ.

ಅವರು ಬಂದ ಕೆಲವು ತಿಂಗಳುಗಳಲ್ಲಿಯೇ, ರೋಗಿಗಳಂತೆ ಇವರೂ ಆ ಸ್ಥಳವನ್ನು ಬಿಟ್ಟು ಕದಲಕೂಡದೆಂದು ಆರೋಗ್ಯಮಂಡಲಿಯು ಕಟ್ಟಪ್ಪಣೆ ಮಾಡಿತು. ಕ್ರೈಸ್ತ ಪಾದ್ರಿಗಳು ತಮ್ಮ ಪಾಪಗಳನ್ನು ಇನ್ನೊಬ್ಬ ಪಾದ್ರಿಯ ಬಳಿ ಗುಟ್ಟಾಗಿ ನಿವೇದಿಸಿ ಕ್ಷಮೆಯನ್ನು ಪಡೆಯಬೇಕು. ಒಮ್ಮೆ ಅವರ ಪ್ರಾಂತಾಧಿಕಾರಿಗಳಾದ ಫಾದರ್ ಮೊಡೆಸ್ಟರು ಹಡಗಿನಲ್ಲಿ ಬಂದಾಗ ಅವರನ್ನು ದಡಕ್ಕೆ ಇಳಿಯಗೊಡಲಿಲ್ಲ; ಡೇಮಿಯನ್ನರನ್ನು ಹಡಗನ್ನು ಹತ್ತಗೊಡಲಿಲ್ಲ. ಆಗ ಡೇಮಿಯನ್ನರು ಚಿಕ್ಕ ದೋಣಿಯಲ್ಲಿ ನಿಂತು, ಹಡಗಿನ ಮೇಲಿದ್ದ ಹಿರಿಯರಿಗೆ ಕೇಳುವಂತೆ ಗಟ್ಟಿಯಾಗಿ ಫ್ರೆಂಚ್ ಭಾಷೆಯಲ್ಲಿ ತಮ್ಮ ತಪ್ಪುಗಳನ್ನು ಒಪ್ಪಿಕೊಂಡು ಕ್ಷಮೆಯನ್ನು ಪಡೆದರು. ಗುಟ್ಟಿನ ವಿಷಯವನ್ನು ಬಯಲಿನಲ್ಲಿ ಹೇಳುವ ನಾಚಿಕೆಗಿಂತ ವಿಧಿಯು ತಪ್ಪುವುದೇ ಅವರಿಗೆ ದೊಡ್ಡದಾಗಿ ತೋರಿತು. ಮುಂದೆ ಈ ನಿರ್ಬಂಧವು ಸಡಿಲವಾಯಿತು.

೧೮೮೧ರಲ್ಲಿ ರಾಜ್ಯಭಾರವನ್ನು ನೋಡಿಕೊಳ್ಳುತ್ತಿದ್ದ ರಾಜಕುಮಾರಿ ಲಿಲಿಯುಒಕಲಾನಿಯು ಅಲ್ಲಿಗೆ ಬಂದು, ತನ್ನ ಪ್ರಜೆಗಳ ಸ್ಥಿತಿಯನ್ನು ಕಂಡು ದುಃಖಪಟ್ಟಳು. ಹಿಂದಿರುಗಿದ ಮೇಲೆ ಡೇಮಿಯನ್ನರಿಗೆ ರಾಜಪದಕವೊಂದನ್ನು ಕಳುಹಿಸಿದಳು. ಅವರು ಅದನ್ನು ಧರಿಸಿಕೊಂಡು ತಿರುಗಲಿಲ್ಲ. ಮಾನವು ಅವರನ್ನು ಉಬ್ಬಿಸಲಿಲ್ಲವಾದರೂ ಏಕಾಂತವು ಅವರನ್ನು ಬಹಳವಾಗಿ ಬಾಧಿಸಿತು. ಸಹಾಯಕ್ಕೆ ಬಂದ ಪಾದ್ರಿಗಳೊಡನೆ ಹೊಂದಿಕೆಯಾಗಲಿಲ್ಲ. ಡೇಮಿಯನ್ನರು ಸಿಡುಕಿನವರು, ಹಠದವರು, ತಮ್ಮ ದಾರಿಯೇ ಸರಿಯೆನ್ನುವವರು ಎಂದು ಅವರೊಡನೆ ಕೆಲಸ ಮಾಡಿದವರು ದೂರಿದರು. ಆ ದೂರಿನಲ್ಲಿ ಸತ್ಯಾಂಶವಿತ್ತು. ವ್ರತವನ್ನು ಹಿಡಿದ ಮಾತ್ರಕ್ಕೆ ಸ್ವಭಾವವು ಅಳಿಯುವುದಿಲ್ಲ. ಅದರೊಡನೆ ಕಡೆಯವರೆಗೆ ಕಾದಾಡಬೇಕಾಗುತ್ತದೆ.

೧೮೮೪ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ ಒಂದು ದಿನ ಕಾಲನ್ನು ತೊಳೆಯಲು ಅವರು ನೀರಿನಲ್ಲಿ ಇಟ್ಟರು. ನೀರು ಕುದಿಯುವಷ್ಟು ಬಿಸಿಯಾಗಿದ್ದು ಚರ್ಮವು ಬೊಬ್ಬೆಯೆದ್ದಿತು. ಆದರೆ ನೋವು ತಿಳಿಯಲಿಲ್ಲ. ಸ್ಪರ್ಶಜ್ಞಾನವು ಹೋಗುವುದೇ ಆ ರೋಗದ ಲಕ್ಷಣ. ಮುಂದಿನ ವರ್ಷ ಜರ್ಮನ್ ವೈದ್ಯರಾದ ಆರ್ನಿಂಗರು ಪರೀಕ್ಷಿಸಿ ರೋಗವನ್ನು ನಿಶ್ಚಯಿಸಿದರು. ಡೇಮಿಯನ್ನರು ಕೆಲಸವನ್ನು ಕಡಮೆ ಮಾಡಲಿಲ್ಲ. ಉಳಿದ ಕಾಲವು ಸ್ವಲ್ಪವೆಂದು ತಿಳಿದು ಹೆಚ್ಚು ಅವಸರದಿಂದ ಕಟ್ಟತೊಡಗಿದರು. ಬೆಲ್ಜಿಯಂನಲ್ಲಿದ್ದ ವೃದ್ಧ ಮಾತೆಗೆ ಈ ಸುದ್ದಿಯು ತಿಳಿಯಬಾರದೆಂದು ಅವರ ಇಚ್ಛೆ. ಆದರೆ ವೃತ್ತಪತ್ರಿಕೆಗಳು ಅದನ್ನು ಹರಡಿದವು. ಆ ತಾಯಿಯು ೧೮೮೬ರಲ್ಲಿ ತೀರಿಕೊಂಡಳು.

ಈ ದಿನಗಳಲ್ಲಿಯೇ ಅವರ ವಿಧೇಯತೆಗೆ ಅತ್ಯಂತ ಕಠಿಣವಾದ ಪರೀಕ್ಷೆಯು ಬಂದಿತು. ಲಂಡನ್ ನಗರದ ಚ್ಯಾಪ್‌ಮನ್ ಎಂಬ ಆಂಗ್ಲಿಕನ್ ಪಾದ್ರಿಗಳು ಸುಮಾರು ೧೦೦೦ ಪೌಂಡುಗಳನ್ನು ಕೂಡಿಸಿ ನೇರವಾಗಿ ಡೇಮಿಯನ್ನರಿಗೆ ಕಳುಹಿಸಿದರು. ಲೋಕದ ಪತ್ರಿಕೆಗಳೆಲ್ಲ ಅವರೊಬ್ಬರನ್ನೇ ಹೊಗಳಿದವು. ಇದರಿಂದ ಸರಕಾರವೂ ಸಂಘವೂ ಏನೂ ಮಾಡಲಿಲ್ಲವೆಂಬಂತೆ ಅರ್ಥವಾಗುವುದೆಂದು ಹೊನೊಲುಲುವಿನ ಹಿರಿಯರು ಅಸಮಾಧಾನಪಟ್ಟರು. ಡೇಮಿಯನ್ನರು ಕೀರ್ತಿಯನ್ನು ಬಯಸುವರೆಂಬ ಸಂಶಯವೂ ಹುಟ್ಟಿತು. ಹೊನೊಲುಲುವಿಗೆ ಬರಲು ಅವರು ಕೇಳಿದಾಗ ಮೊದಲು ನಿರಾಕರಣೆಯೇ ದೊರೆಯಿತು. ರೋಗದ ನೋವಿಗಿಂತ ಈ ನೋವು ಹೆಚ್ಚೆಂದು ಅವರು ಅನುಭವಿಸಿದರು. ೧೮೮೬ರ ಜುಲೈಯಲ್ಲಿ ಕೆಲವು ದಿನ ಅಲ್ಲಿಗೆ ಹೋಗಿ ಜಪಾನೀ ವೈದ್ಯನೊಬ್ಬನ ಸ್ನಾನಚಿಕಿತ್ಸೆಯನ್ನು ಪಡೆದು ಹಿಂದಿರುಗಿದರು. ಮೆಚ್ಚುವ ಗುರುವಿಗೆ ವಿಧೇಯನಾಗಿರುವುದು ಸುಲಭ. ಸಂಶಯಪಡುವ ಹಿರಿಯರಿಗೆ ವಿಧೇಯನಾಗಿದ್ದು ಕಾಯಕವನ್ನು ಬಿಡದಿರುವುದೇ ನಿಜವಾದ ವ್ರತ. ಅವರು ಸಂಘವನ್ನು ಬಿಡಲಿಲ್ಲ. ಹಿರಿಯರನ್ನು ಲೋಕದ ಮುಂದೆ ದೂಷಿಸಲಿಲ್ಲ. ಬಂದ ಹಣವನ್ನು ರೋಗಿಗಳಿಗಾಗಿಯೇ ಬಳಸಿದರು.

ಕಡೆಯ ವರ್ಷಗಳಲ್ಲಿ ಸಹಾಯವು ಒದಗಿತು. ೧೮೮೬ರಲ್ಲಿ ಅಮೆರಿಕದಿಂದ ಜೋಸೆಫ್ ಡಟನ್ ಎಂಬ ಮಾಜಿ ಸೈನಿಕನು ಬಂದು, ದಶಕಗಳ ಕಾಲ ರೋಗಿಗಳ ಸೇವೆಯನ್ನು ಮಾಡಿ, ೧೯೩೧ರಲ್ಲಿ ತೀರಿಕೊಂಡನು. ೧೮೮೮ರಲ್ಲಿ ಫಾದರ್ ಕಾನ್ರಾರ್ಡಿಯವರೂ, ನವೆಂಬರ್ ತಿಂಗಳಲ್ಲಿ ಮಾತೆ ಮೇರಿಯಾನ್ ಕೋಪ್ ಎಂಬ ಸನ್ಯಾಸಿನಿಯೂ ಆಕೆಯ ಜೊತೆಯವರೂ ಬಂದರು. ತಮ್ಮ ಅನಾಥ ಮಕ್ಕಳನ್ನು ನೋಡಿಕೊಳ್ಳುವವರು ದೊರೆತರೆಂದು ಡೇಮಿಯನ್ನರು ನಿಶ್ಚಿಂತರಾದರು. ಡಿಸೆಂಬರ್ ತಿಂಗಳಲ್ಲಿ ಎಡ್ವರ್ಡ್ ಕ್ಲಿಫರ್ಡ್ ಎಂಬ ಇಂಗ್ಲಿಷ್ ಚಿತ್ರಕಾರನು ಬಂದು, ಅಂಡಮಾನ್ ದ್ವೀಪಗಳಲ್ಲಿ ಈ ರೋಗಕ್ಕೆ ಹಚ್ಚುತ್ತಿದ್ದ ಗರ್ಜನ ಮರದ ಎಣ್ಣೆಯನ್ನು ತಂದುಕೊಟ್ಟನು. ಹೀಗೆ ನಮ್ಮ ಕಡೆಯ ಕಾಡಿನ ಮದ್ದು ಆ ದೂರದ ದ್ವೀಪವನ್ನು ಮುಟ್ಟಿತು. ಆದರೆ ರೋಗವು ಅಷ್ಟರಲ್ಲಿ ಬಲಿತಿತ್ತು.

೧೮೮೯ನೆಯ ಇಸವಿ ಏಪ್ರಿಲ್ ೧೫ರಂದು, ಕ್ರೈಸ್ತರು ಯೇಸುವಿನ ಮರಣವನ್ನು ಸ್ಮರಿಸುವ ವಾರದ ಸೋಮವಾರದ ದಿನ, ತಮ್ಮ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಡೇಮಿಯನ್ನರು ಶಾಂತವಾಗಿ ದೇಹವನ್ನು ಬಿಟ್ಟರು. ಮೊದಲ ರಾತ್ರಿಗಳಲ್ಲಿ ತಮಗೆ ನೆರಳಾಗಿದ್ದ ಮರದ ಕೆಳಗೆಯೇ ಅವರ ಇಷ್ಟದಂತೆ ಸಮಾಧಿಯಾಯಿತು.

ಮರಣದ ಬಳಿಕವೂ ನಿಂದೆಯು ಅವರನ್ನು ಬಿಡಲಿಲ್ಲ. ಹೊನೊಲುಲುವಿನಲ್ಲಿದ್ದ ಹೈಡ್ ಎಂಬ ಪ್ರಾಟೆಸ್ಟೆಂಟ್ ಪಾದ್ರಿಯು ಅವರನ್ನು ಕೊಳಕರೆಂದೂ ಹಠಮಾರಿಯೆಂದೂ ನಡತೆಯಲ್ಲಿ ಶುದ್ಧರಲ್ಲವೆಂದೂ ಬರೆದ ಕಾಗದವು ಪತ್ರಿಕೆಗಳಲ್ಲಿ ಅಚ್ಚಾಯಿತು. ಪ್ರಸಿದ್ಧ ಗ್ರಂಥಕರ್ತನಾದ ರಾಬರ್ಟ್ ಲೂಯಿ ಸ್ಟೀವನ್‌ಸನ್ನನು ಡೇಮಿಯನ್ನರು ತೀರಿಕೊಂಡ ಮರುತಿಂಗಳಲ್ಲಿಯೇ ಮೊಲೊಕಾಯಿಗೆ ಹೋಗಿ ಸುಮಾರು ಒಂದು ವಾರವಿದ್ದು, ಅವರನ್ನು ಕಂಡವರನ್ನೆಲ್ಲ ವಿಚಾರಿಸಿದ್ದನು. ಅವನೂ ಪ್ರಾಟೆಸ್ಟೆಂಟ್ ಮನೆತನದವನೇ. ೧೮೯೦ರ ಫೆಬ್ರವರಿಯಲ್ಲಿ ಸಿಡ್ನಿ ನಗರದಿಂದ ಅವನು ಬಹಿರಂಗ ಪತ್ರವೊಂದನ್ನು ಪ್ರಕಟಿಸಿ ನಿಂದಕನಿಗೆ ಉತ್ತರಕೊಟ್ಟನು. ಡೇಮಿಯನ್ನರ ಒರಟುತನವನ್ನೂ ಹಠವನ್ನೂ ಅವನು ಮರೆಮಾಚಲಿಲ್ಲ. ಆದರೆ ಬೇರೆಯವರು ಸುಖವಾದ ಮನೆಗಳಲ್ಲಿ ಕುಳಿತಿದ್ದಾಗ ಇವರೊಬ್ಬರು ಹೋಗಿ ದುಡಿದು ಮಡಿದರೆಂಬುದನ್ನು ಎತ್ತಿ ತೋರಿಸಿದನು.

ಅವರ ಮರಣದಿಂದ ಲೋಕವು ಎಚ್ಚತ್ತಿತು. ಇಂಗ್ಲೆಂಡಿನಲ್ಲಿ ಯುವರಾಜನ ಮುಂದಾಳುತನದಲ್ಲಿ ಕುಷ್ಠರೋಗದ ನಿವಾರಣೆಗಾಗಿ ಒಂದು ನಿಧಿಯು ಸ್ಥಾಪಿತವಾಗಿ, ಅದರ ವತಿಯಿಂದ ೧೮೯೦-೯೧ರಲ್ಲಿ ಒಂದು ವಿಚಾರಣಾಮಂಡಲಿಯು ನಮ್ಮ ಭರತಖಂಡಕ್ಕೆ ಬಂದು ಇಲ್ಲಿಯ ರೋಗಿಗಳ ಸ್ಥಿತಿಯನ್ನು ಪರಿಶೀಲಿಸಿತು. ಯಾರ ಬದಲು ಡೇಮಿಯನ್ನರು ಹೊರಟಿದ್ದರೋ ಆ ಅಣ್ಣ ಪಾಂಫಿಲರೂ ೧೮೯೫ರಲ್ಲಿ ಮೊಲೊಕಾಯಿಗೆ ಹೋಗಿ ಕೆಲಕಾಲ ಸೇವೆ ಸಲ್ಲಿಸಿದರು. ೧೯೩೬ರಲ್ಲಿ ಬೆಲ್ಜಿಯಂ ದೇಶದವರು ಅವರ ದೇಹಾವಶೇಷವನ್ನು ತರಿಸಿ ಲೂವೇನ್ ನಗರದಲ್ಲಿ ಸಮಾಧಿ ಮಾಡಿದರು. ೧೯೪೦ರ ದಶಕದಲ್ಲಿ ರೋಗಕ್ಕೆ ಮದ್ದು ದೊರೆಯಿತು. ೧೯೬೯ರಲ್ಲಿ ಹವಾಯಿಯ ಪ್ರತ್ಯೇಕತೆಯ ಶಾಸನವು ಕೊನೆಗೊಂಡಿತು. ೧೯೯೫ರಲ್ಲಿ ಅವರಿಗೆ ಧನ್ಯರೆಂಬ ಪದವಿಯು ದೊರೆತಾಗ, ರೋಗಿಗಳ ಹುಣ್ಣುಗಳನ್ನು ತೊಳೆದ ಅವರ ಬಲಗೈಯ ಅವಶೇಷವನ್ನು ಕಲವಾವೊಕ್ಕೆ ಹಿಂದಿರುಗಿಸಿ ಹಳೆಯ ಸಮಾಧಿಯಲ್ಲಿಯೇ ಇಟ್ಟರು. ೨೦೦೯ನೆಯ ಇಸವಿ ಅಕ್ಟೋಬರ್ ೧೧ರಂದು ಕ್ರೈಸ್ತ ಜಗದ್ಗುರುಗಳಾದ ಹದಿನಾರನೆಯ ಬೆನೆಡಿಕ್ಟರು ಅವರನ್ನು ಸಂತರೆಂದು ಸಾರಿದರು.

ಭಕ್ತ ಮಹಾಶಯರೇ, ಈ ಚರಿತ್ರೆಯಲ್ಲಿ ಪವಾಡಗಳನ್ನು ಹುಡುಕಬೇಕಾಗಿಲ್ಲ. ಡೇಮಿಯನ್ನರು ಯಾವ ರೋಗಿಯನ್ನೂ ಗುಣಪಡಿಸಲಾರದೆ ಹೋದರು; ತಮ್ಮನ್ನು ತಾವೂ ಗುಣಪಡಿಸಿಕೊಳ್ಳಲಿಲ್ಲ. ಕೋಪವನ್ನು ಪೂರ್ತಿಯಾಗಿ ಗೆದ್ದವರೂ ಅಲ್ಲ. ಹೋಗೆಂದಾಗ ಹೋದರು, ಇರೆಂದಾಗ ಇದ್ದರು, ಹಿಂದಿರುಗಬಹುದಾಗಿದ್ದಾಗಲೂ ಹಿಂದಿರುಗಲಿಲ್ಲ. ಪಡೆದ ದೀಕ್ಷೆಯನ್ನು ಮಾತಿನಲ್ಲಿ ಇರಿಸದೆ ಕೈಕಾಲುಗಳಿಗೆ ಇಳಿಸಿದರು. ದೀಕ್ಷೆಯನ್ನು ಪಡೆದವರು ನಮ್ಮಲ್ಲಿಯೂ ಅನೇಕರಿದ್ದೇವೆ. ಮನೆಯ ಬಾಗಿಲಿಗೆ ಬಂದ ರೋಗಿಯನ್ನೂ ದರಿದ್ರನನ್ನೂ ಕಂಡು ಮುಖ ತಿರುಗಿಸುವ ಹೊತ್ತಿನಲ್ಲಿ, ದೂರದ ದ್ವೀಪವೊಂದರಲ್ಲಿ ಹೊರಗೋಡಿ ಬಂದು ಮತ್ತೆ ಒಳಗೆ ಹೋದ ಆ ಸನ್ಯಾಸಿಯ ನೆನಪಾದರೆ, ಈ ಚರಿತ್ರೆಯನ್ನು ಓದಿದುದು ಸಾರ್ಥಕವಾಗುವುದು.